ಅಕ್ಕನ ಟೇಬಲ್ಲಿಗೆ ಮೂರು ಇಂಚು ಹೆಚ್ಚು

ನಮ್ಮಕ್ಕ ತನ್ನ ಮನೆಯಲ್ಲಿ ಟೇಪು ಹಿಡಿದು ಅಳೆಯದೆ ಬಿಟ್ಟದ್ದು ಎರಡೇ ಎರಡು. ಒಂದು ದೇವರ ಗೂಡು. ಇನ್ನೊಂದು ನಾನು ಮಾಡಿಕೊಟ್ಟ ಟೇಬಲ್ಲು. ದೇವರ ಗೂಡಿನ ಲೆಕ್ಕ ದೇವರಿಗೆ ಬಿಟ್ಟಿದ್ದು. ಟೇಬಲ್ಲು ಮಾತ್ರ ಇರಬೇಕಾದ್ದಕ್ಕಿಂತ ಮೂರು ಇಂಚು ಎತ್ತರ ಇತ್ತು. ಅದು ಎರಡು ವರ್ಷ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನ್ಯಾಮತಿಯಲ್ಲಿ ಜನ ನಮ್ಮಕ್ಕನ ವಿಷಯ ಬಂದಾಗ "ಆಯಮ್ಮ ಸ್ವಲ್ಪ ಹಂಗೇ" ಎಂದು ನಗುತ್ತಾರೆ. ನಗಲಿ. ಆದರೆ ನಗುವವರೆಲ್ಲ ಆ ಮೂರು ಇಂಚನ್ನು ಒಮ್ಮೆ ನೆನೆಯಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹೊನ್ನಾಳಿಯಲ್ಲಿ ಸಣ್ಣದೊಂದು ಶೆಡ್ಡು ಹಾಕಿಕೊಂಡು ಬಡಗಿ ಕೆಲಸ ಮಾಡುತ್ತೇನೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಎಸ್ಸೆಸ್ಸೆಲ್ಸಿ ಪಾಸಾದವಳು, ಟೈಪಿಂಗ್ ಕಲಿತವಳು. ಜಗಳೂರಿಗೆ ಮದುವೆ ಮಾಡಿಕೊಟ್ಟಿದ್ದೆವು. ಭಾವ ನಾಲ್ಕೇ ವರ್ಷಕ್ಕೆ ಹೋಗಿಬಿಟ್ಟರು. ಅಕ್ಕ ವಾಪಸ್ಸು ಬಂದು ಹೊನ್ನಾಳಿಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಕನ್ನಡ ಟೈಪು ಮಾಡಿದಳು. ಪ್ರೆಸ್ಸಿನ ಯಜಮಾನರಿಗೆ ವಯಸ್ಸಾಗಿ ಬಾಗಿಲು ಹಾಕಿದಾಗ ಒಂದು ಹಳೆ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ನ್ಯಾಮತಿಯ ತನ್ನ ಎರಡು ಕೋಣೆಯ ಮನೆಗೆ ಬಂದಳು. ಮುಂದಿನ ಕೋಣೆ ಆಫೀಸು. ಚನ್ನಗಿರಿಯ ಲೆಕ್ಚರರ ಪ್ರಬಂಧ, ನಲ್ಲೂರಿನವರ ಮದುವೆ ಕಾರ್ಡು, ಜಗಳೂರಿನ ಹೆಡ್ಮಾಸ್ತರರ ಪ್ರಶ್ನೆಪತ್ರಿಕೆ, ಎಲ್ಲ ಅಲ್ಲಿಗೇ ಬರುತ್ತಿದ್ದವು. ಯಾರ ಹಂಗೂ ಇಲ್ಲದೆ ಅವಳು ಊಟ ಮಾಡುತ್ತಿದ್ದುದು ಆ ಹತ್ತು ಬೆರಳುಗಳಿಂದ.

ಒಂದು ದಿನ ಫೋನ್ ಬಂತು.

"ತಮ್ಮಾ, ಎರ್ಗೋನಾಮಿಕ್ಸ್ ಅಂದ್ರೆ ಗೊತ್ತೇನೋ?"

"ಯಾವ ಊರ ಕಂಪನಿ ಅಕ್ಕಾ?"

"ಕಂಪನಿ ಅಲ್ಲ. ಮನುಷ್ಯನ ಮೈಗೆ ತಕ್ಕಂಗೆ ಟೇಬಲ್ಲು ಕುರ್ಚಿ ಇರಬೇಕಂತೆ. ಟೇಬಲ್ಲು ಕುರ್ಚಿಗೆ ತಕ್ಕಂಗೆ ಮನುಷ್ಯ ಇರಬಾರದಂತೆ. ವಿಡಿಯೋ ನೋಡಿದೆ."

"ಇಷ್ಟು ಹೇಳಾಕೆ ವಿಡಿಯೋ ಬೇಕಾತಾ?"

"ಹಂಗಾರೆ ನೀನು ಇಷ್ಟು ವರ್ಷ ಯಾರ ಮೈ ನೋಡಿ ಟೇಬಲ್ಲು ಮಾಡಿದ್ದಿ, ಹೇಳು."

ನಾವು ಮರ ನೋಡಿ ಟೇಬಲ್ಲು ಮಾಡುವವರು. ಮೈ ನೋಡುವುದು ದರ್ಜಿಗಳ ಕೆಲಸ.

ಮರುದಿನ ಬಸ್ಸಿನಲ್ಲಿ ಹೊನ್ನಾಳಿಗೆ ಬಂದು ಒಂದು ಚೀಟಿ ಕೊಟ್ಟಳು. ನಮ್ಮಕ್ಕ ಕುಳ್ಳಿ, ನಾಲ್ಕಡಿ ಹತ್ತಿಂಚು. ಕುಳಿತಾಗ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮೊಣಕೈ ಟೇಬಲ್ಲಿನ ಮಟ್ಟಕ್ಕೆ ಬರಬೇಕು, ಭುಜ ಮೇಲೇಳಬಾರದು. ಎಲ್ಲವನ್ನೂ ಗೋಡೆಗೆ ಆನಿಸಿಕೊಂಡು ಅವಳೇ ಅಳೆದು ಬರೆದಿದ್ದಳು. ಬಾಗಿಲಿಗೂ ಕಿಟಕಿಗೂ ನಡುವೆ ಹಿಡಿಯಲು ಉದ್ದ ನಲವತ್ಮೂರು ಇಂಚು. ಎತ್ತರ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕರ ಕೆಳಗೆ ಎರಡು ಗೆರೆ.

"ನಿನ್ ಆಯ ಗೀಯ ಎಲ್ಲ ನೋಡಬ್ಯಾಡ. ಬರೆದಷ್ಟೇ ಮಾಡು" ಎಂದಳು.

ಆಯ ಎಂದರೇನು ಎಂದು ಹೇಳಬೇಕು. ನಮ್ಮ ಕಡೆ ಬಡಗಿಯಾದವನು ಬಾಗಿಲು ಮಾಡಲಿ, ಮಂಚ ಮಾಡಲಿ, ಮರಕ್ಕೆ ಗರಗಸ ಇಡುವ ಮೊದಲು ಒಂದು ಲೆಕ್ಕ ಮಾಡುತ್ತಾನೆ. ಉದ್ದಕ್ಕೆ ಅಗಲ ಗುಣಿಸು, ಬಂದದ್ದನ್ನು ಎಂಟರಿಂದ ಭಾಗಿಸು. ಕೊನೆಗೆ ಉಳಿಯುವ ಸಂಖ್ಯೆಯೇ ಆ ವಸ್ತುವಿನ ಆಯ. ಒಂದು, ಮೂರು, ಐದು, ಏಳು ಉಳಿದರೆ ಒಳ್ಳೆಯದು. ಎರಡು, ನಾಲ್ಕು, ಆರು ಕೆಟ್ಟದ್ದು. ಏನೂ ಉಳಿಯದಿದ್ದರೆ ಕೇಳಲೇಬೇಡಿ. ಟೇಬಲ್ಲಿಗೆ ಉದ್ದವನ್ನೂ ಎತ್ತರವನ್ನೂ ಹಿಡಿಯಬೇಕು ಎಂದು ನನ್ನ ಮೇಸ್ತ್ರಿ ಕಲಿಸಿದ್ದರು. ಭಾಗಾಕಾರ ಬಾರದ ಹುಡುಗನನ್ನು ಅವರು ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಹುಣಸೆಬೀಜ ಹರಡಿಕೊಂಡು ನನಗೆ ಭಾಗಾಕಾರ ಹೇಳಿಕೊಟ್ಟವಳು ಯಾರು? ಈ ಅಕ್ಕನೇ. ಅವಳು ಕಲಿಸಿದ ವಿದ್ಯೆಯನ್ನೇ ಅವಳ ಮೇಲೆ ತಿರುಗಿಸಿದೆ.

ಇಪ್ಪತ್ತನಾಲ್ಕನ್ನು ನೀವು ಯಾವುದಕ್ಕೆ ಬೇಕಾದರೂ ಗುಣಿಸಿ ನೋಡಿ, ಎಂಟರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ಎರಡು ಸಲ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಮಾಡಿದೆ. ಮೊಬೈಲಿನಲ್ಲೂ ಮಾಡಿದೆ. ಮೊಬೈಲಿಗೆ ಶಾಸ್ತ್ರ ಗೊತ್ತಿಲ್ಲ, ಆದರೂ ಅದು ಕೂಡ ಏನನ್ನೂ ಉಳಿಸಲಿಲ್ಲ. ಇಪ್ಪತ್ತೈದು ಮಾಡಿದರೆ ಮೂರು ಉಳಿಯುತ್ತದೆ, ಪರವಾಗಿಲ್ಲ. ಇಪ್ಪತ್ತೇಳು ಮಾಡಿದರೆ ಒಂದು ಉಳಿಯುತ್ತದೆ. ಆಯಗಳಲ್ಲೆಲ್ಲ ಒಂದೇ ಮೇಲು. ಆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಅವಳ ಅನ್ನದ ಟೇಬಲ್ಲು ಅದು. ಮೂರಕ್ಕೆ ಒಪ್ಪಿಕೊಳ್ಳಲು ನನ್ನ ಮನಸ್ಸು ಬರಲಿಲ್ಲ. ಹೊನ್ನೆ ಮರದಲ್ಲಿ ಇಪ್ಪತ್ತೇಳು ಇಂಚಿಗೆ ಮಾಡಿ, ಪಾಲಿಷ್ ಹೊಡೆದು, ಟೆಂಪೋದಲ್ಲಿ ನ್ಯಾಮತಿಗೆ ಒಯ್ದೆ.

ಅಕ್ಕ ಟೇಪು ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು. ಟೇಬಲ್ಲು ಒಳಗೆ ಬಂತು. ಅವಳು ಬಗ್ಗಿದಳು. ಆಗ ನಾನೊಂದು ಮಾತು ಆಡಿದೆ.

"ಅಳೀತೀಯಾ? ಒಡಹುಟ್ಟಿದ ತಮ್ಮನ ಮ್ಯಾಲೆ ಅಷ್ಟೂ ನಂಬಿಕೆ ಇಲ್ಲೇನು?"

ಅಕ್ಕ ನನ್ನ ಮುಖ ನೋಡಿ ನಕ್ಕಳು. ಟೇಪನ್ನು ಸುತ್ತಿ ಕಿಟಕಿಯಲ್ಲಿ ಇಟ್ಟಳು. ಮತ್ತೆಂದೂ ಆ ಟೇಬಲ್ಲಿಗೆ ಟೇಪು ಹಿಡಿಯಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಮೊದಲ ದಿನವೇ ಮೊಣಕೈ ಟೇಬಲ್ಲಿಗಿಂತ ಕೆಳಗೆ ಉಳಿಯಿತು. ಟೇಬಲ್ಲು ಸರಿಯಾಗಿದೆ ಎಂದ ಮೇಲೆ ತಪ್ಪು ಯಾರದ್ದು? ಕುರ್ಚಿಯದ್ದು. ಅಕ್ಕ ನನ್ನ ಶೆಡ್ಡಿಗೇ ಬಂದು, "ಕುರ್ಚಿ ಕಾಲಿನ ಕೆಳಗೆ ಇಡಾಕೆ ನಾಕು ತುಂಡು ಕೊಡು, ಮೂರು ಮೂರು ಇಂಚಿನವು" ಎಂದಳು. ಮೂರು ಎಂಬ ಮಾತು ಕೇಳಿ ನನ್ನ ಕೈಯಲ್ಲಿದ್ದ ಉಳಿ ಜಾರಿತು. ಕೂದಲೆಳೆ ಹೆಚ್ಚುಕಮ್ಮಿ ಇಲ್ಲದಂತೆ ನಾಲ್ಕು ತುಂಡು ಕೊಯ್ದು ಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ. "ನಮ್ ತಮ್ಮ ಬಾಳ ಒಳ್ಳೇನು" ಎಂದು ಶೆಡ್ಡಿನಲ್ಲಿದ್ದ ಗಿರಾಕಿಯ ಮುಂದೆ ಹೊಗಳಿ ಹೋದಳು.

ನಾಲ್ಕನೇ ದಿನ ಒಂದು ತುಂಡು ಜಾರಿ ಅಕ್ಕ ಕುರ್ಚಿಸಮೇತ ಉರುಳಿದಳು. ಪೆಟ್ಟಾಗಲಿಲ್ಲ, ಹೆದರಿಕೆಯಾಯಿತು. ತುಂಡು ಬಿಟ್ಟು ಬೂರುಗದ ಹತ್ತಿಯ ದಪ್ಪ ದಿಂಬು ಹೊಲಿಸಿದಳು. ದಿಂಬಿನ ಮೇಲೆ ಕುಳಿತರೆ ಕಾಲು ನೆಲಕ್ಕೆ ಎಟುಕದು. ಅದಕ್ಕೆ ಈಳಿಗೆಮಣೆಯ ಕತ್ತಿಯನ್ನು ನನ್ನಿಂದಲೇ ತೆಗೆಸಿ ಮಣೆಯ ಮೇಲೆ ಕಾಲಿಟ್ಟಳು. ಅಂದಿನಿಂದ ಆ ಮನೆಯಲ್ಲಿ ಕಾಯಿ ತುರಿಯುವುದು ನಿಂತಿತು. ಕೂತವಳು ಮೇಲೆ ಹೋದಳು, ಕಂಪ್ಯೂಟರ್ ಪರದೆ ಕೆಳಗೆ ಉಳಿಯಿತು. ಪರದೆಯ ಕೆಳಗೆ ಮಂಡಕ್ಕಿ ಡಬ್ಬಿ ಬಂತು.

ಆದರೆ ಬೂರುಗದ ಹತ್ತಿಯ ಗುಣ ನಿಮಗೆ ಗೊತ್ತಲ್ಲ? ಬೆಳಗ್ಗೆ ಮೂರು ಇಂಚಿದ್ದ ದಿಂಬು ಮಧ್ಯಾಹ್ನಕ್ಕೆ ಎರಡು, ಸಂಜೆಗೆ ಒಂದು. ಅದರ ಮೇಲೆ ಕುಳಿತ ಅಕ್ಕನೂ ದಿನವಿಡೀ ಮೆಲ್ಲಗೆ ಮುಳುಗುತ್ತಿದ್ದಳು. ಬೆಳಗ್ಗೆ ಹೋದರೆ ತಹಶೀಲ್ದಾರರ ಹಾಗೆ ಕುಳಿತಿರುತ್ತಿದ್ದಳು. ಸಂಜೆ ಹೋದರೆ ಟೇಬಲ್ಲಿನ ಮೇಲೆ ತಲೆ ಮಾತ್ರ ಕಾಣುತ್ತಿತ್ತು. ಅವಳು ಇಳಿದಂತೆ ಪರದೆಯೂ ಇಳಿಯಬೇಕು. ಅದಕ್ಕಾಗಿ ಬೆಳಗ್ಗೆ ದೊಡ್ಡ ಮಂಡಕ್ಕಿ ಡಬ್ಬಿ, ಮಧ್ಯಾಹ್ನ ಬೇಳೆ ಡಬ್ಬಿ, ಸಂಜೆ ಬರೀ ಸಾಸಿವೆ ಡಬ್ಬಿ. ಸಂಜೆ ನಾಲ್ಕಕ್ಕೆ ಯಾರಾದರೂ ಬಂದು ಚಹಾದ ಜೊತೆ ಮಂಡಕ್ಕಿ ಕೇಳಿದರೆ ಸರಿ. ಬೆಳಗ್ಗೆ ಕೇಳಿದರೆ ಆಫೀಸು ಬಂದ್.

"ಇಷ್ಟೆಲ್ಲ ಯಾಕೆ ಅಕ್ಕಾ, ಟೇಬಲ್ಲೇ ಬದಲಾಯಿಸಿದ್ರೆ?" ಎಂದು ಒಮ್ಮೆ ಮೆಲ್ಲಗೆ ಕೇಳಿದೆ. ತಪ್ಪೊಪ್ಪಿಕೊಳ್ಳದೆ ತಪ್ಪು ಸರಿಮಾಡುವ ಹಾದಿ ಹುಡುಕುತ್ತಿದ್ದೆ.

"ಅದೊಂದೇ ಈ ಮನ್ಯಾಗೆ ಸರಿಯಾಗಿರೋದು. ಅದನ್ನ ಮುಟ್ಟಿದ್ರೆ ಕೈ ಮುರೀತೀನಿ."

ಆಮೇಲೆ ಸಲೂನ್ ಕುರ್ಚಿ ಬಂತು. ತ್ಯಾವಣಿಗೆಯಲ್ಲಿ ಒಬ್ಬರು ಸಲೂನನ್ನು ಹೊಸದಾಗಿ ಮಾಡಿಸುತ್ತ ಹಳೆ ಕುರ್ಚಿ ಮಾರುತ್ತಿದ್ದರು. ಮದುವೆ ಕಾರ್ಡಿಗೆ ಬಂದವರೊಬ್ಬರಿಂದ ಅಕ್ಕನಿಗೆ ಸುದ್ದಿ ಮುಟ್ಟಿತು. ಹೋಗಿ ನೋಡಿದರೆ ವಿಡಿಯೋದಲ್ಲಿ ಹೇಳಿದ್ದೆಲ್ಲ ಅದರಲ್ಲಿದೆ. ಬೆನ್ನಿಗೆ ಆಸರೆ, ಕತ್ತಿಗೆ ಆಸರೆ, ಕಾಲಿಡಲು ಜಾಗ, ಹ್ಯಾಂಡಲ್ ತುಳಿದರೆ ಮೇಲೆ ಏರುತ್ತದೆ, ಕೆಳಗೆ ಇಳಿಯುತ್ತದೆ. "ಎರ್ಗೋನಾಮಿಕ್ಸನ್ನ ಈ ಹಜಾಮತಿ ಮಾಡೋರು ಯಾವಾಗಲೋ ಕಂಡುಹಿಡಿದಿದ್ರು ಕಣೋ. ನಾವೇ ನೋಡಲಿಲ್ಲ" ಎಂದು ನನಗೆ ಹೇಳಿದಳು. ನಾಲ್ಕು ಜನ ಹಿಡಿದು ಅದನ್ನು ಒಳಗಿಟ್ಟೆವು.

ಆ ಕುರ್ಚಿಯ ಕೈಗಳು ದೊಡ್ಡವು, ಟೇಬಲ್ಲಿನ ಕೆಳಗೆ ನುಸುಳುವುದಿಲ್ಲ. ಹಾಗಾಗಿ ಅಕ್ಕ ದೂರದಿಂದ ಎರಡೂ ಕೈ ಚಾಚಿ, ಬಸ್ಸು ಓಡಿಸುವವಳ ಹಾಗೆ ಟೈಪು ಮಾಡುತ್ತಿದ್ದಳು. ಕತ್ತಿಗೆ ಆಸರೆ ಸಿಕ್ಕಿದ್ದೇ ತಡ, ಮಧ್ಯಾಹ್ನದ ಹೊತ್ತು ನಿದ್ದೆ ಹೋಗುತ್ತಿದ್ದಳು. ಇದನ್ನೆಲ್ಲ ಸಹಿಸಿದಳು. ಸಹಿಸಲು ಆಗದೇ ಹೋದದ್ದು ಗಿರಾಕಿಗಳನ್ನು. ನಲ್ಲೂರಿನ ಹಿರಿಯರೊಬ್ಬರು ಮಗಳ ಮದುವೆ ಕಾರ್ಡಿನ ಪ್ರೂಫು ನೋಡಲು ಬಂದರು. ಅಕ್ಕ ಒಳಗೆ ನೀರು ತರಲು ಹೋಗಿದ್ದಳು. ಬಂದು ನೋಡಿದರೆ ಅವರು ಆ ಕುರ್ಚಿಯಲ್ಲಿ ಒರಗಿ, ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಕುಳಿತಿದ್ದಾರೆ.

"ಯಜಮಾನ್ರೇ, ಕಾರ್ಡು..."

"ಕಾರ್ಡು ಆಮೇಲೆ ನೋಡಾಣ. ಮೀಸೆ ಮಾತ್ರ ಮುಟ್ಟಬ್ಯಾಡ್ರಿ."

ವಾರದೊಳಗೆ ಕುರ್ಚಿ ತ್ಯಾವಣಿಗೆಗೆ ವಾಪಸ್ಸು ಹೋಯಿತು. ಬೂರುಗದ ದಿಂಬು ಮತ್ತೆ ಏರಿತು, ಮತ್ತೆ ಇಳಿಯಿತು.

ಕಣ್ಣಿನ ವ್ಯಾಯಾಮದ ಕಥೆಯೂ ಇದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಬೇಕಂತೆ. ಅಕ್ಕ ಕಿಟಕಿಯಿಂದ ಟೇಪು ಎಳೆದುಕೊಂಡು ಹೋದಳು. ಇಪ್ಪತ್ತು ಅಡಿ ಮುಗಿದದ್ದು ಎದುರುಮನೆಯ ಅಜ್ಜಿ ದಿನವಿಡೀ ಕೂರುವ ಕಟ್ಟೆಯ ಮೇಲೆ. ಸರಿ, ಇಪ್ಪತ್ತು ನಿಮಿಷಕ್ಕೊಮ್ಮೆ ಮೊಬೈಲು ಕೂಗುತ್ತದೆ, ಅಕ್ಕ ತಲೆಯೆತ್ತಿ ಅಜ್ಜಿಯನ್ನು ದಿಟ್ಟಿಸುತ್ತಾಳೆ. ರೆಪ್ಪೆ ಬಡಿಯದೆ ಇಪ್ಪತ್ತು ಎಣಿಸುತ್ತಾಳೆ. ಅಜ್ಜಿ ಒಂದು ವಾರ ತಾಳಿಕೊಂಡಿತು. ಎರಡನೇ ವಾರ ಕೋಲು ಊರಿಕೊಂಡು ಬಂತು.

"ಏನವ್ವ, ನಾನು ಯಾವಾಗ ಹೋಗ್ತೀನಿ ಅಂತ ಕಾಯ್ಕೊಂಡು ಕುಂತೀಯೇನು?"

"ಅಯ್ಯೋ ಇಲ್ಲಜ್ಜಿ, ಕಣ್ಣಿಗೆ ಒಳ್ಳೇದಂತೆ."

"ನನ್ನ ನೋಡಿದ್ರೆ ಕಣ್ಣಿಗೆ ಒಳ್ಳೇದಾ? ನಮ್ಮ ಯಜಮಾನ ಐವತ್ತು ವರ್ಷ ನೋಡಿ ಕುರುಡಾಗೇ ಸತ್ತ."

ಹೀಗೆ ಶುರುವಾದ ಜಗಳ ಸ್ನೇಹವಾಯಿತು. ಮೊಬೈಲು ಕೂಗಿದ ಕೂಡಲೇ ಅಜ್ಜಿಯೇ ಸೆರಗು ಸರಿಮಾಡಿಕೊಂಡು ಈ ಕಡೆ ತಿರುಗಿ ಕೂರುತ್ತಿತ್ತು. ಊರಿಗೆ ಹೋಗುವುದಿದ್ದರೆ ಮುಂಚಿತವಾಗಿ ಬಂದು ರಜೆ ಹೇಳಿ ಹೋಗುತ್ತಿತ್ತು.

ಇಷ್ಟರ ಮೇಲೆ ಅಕ್ಕ ಊರನ್ನೂ ತಿದ್ದಲು ಹೊರಟಳು. ಹೋಟೆಲಿನಲ್ಲಿ ದೋಸೆ ಹುಯ್ಯುವವರಿಗೆ, "ಹಂಚು ಎರಡು ಇಂಚು ಇಳಿಸ್ರಿ, ಭುಜ ಉಳೀತೈತೆ" ಎಂದಳು. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಕುಳಿತವರ ಬೆನ್ನ ಹಿಂದೆ ನಿಂತು ಅವರ ಮೊಣಕೈಯನ್ನು ತಾನೇ ಎತ್ತಿ ಸರಿಮಾಡಿದಳು. ಬಸ್ಸಿನ ಡ್ರೈವರಿಗೆ ಸೀಟು ಮುಂದೆ ಎಳೆದುಕೊಳ್ಳಲು ಹೇಳಿದ್ದಕ್ಕೆ ಅವನು ಅವಳನ್ನೇ ಬಸ್ಸಿನಿಂದ ಇಳಿಸಿದ. ಹೊನ್ನಾಳಿಗೆ ಬಂದ ನ್ಯಾಮತಿಯವರು ನನ್ನ ಶೆಡ್ಡಿನ ಮುಂದೆ ಬೈಕು ನಿಲ್ಲಿಸಿ, "ನಿಮ್ಮಕ್ಕಗೆ ಏನಾತ್ರೀ? ಯಾರನ್ನ ನೋಡಿದ್ರೂ ಟೇಪು ತೆಗೀತಾರೆ" ಎಂದು ಕೇಳುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಅದೂ ನನ್ನ ತಪ್ಪಿನ ಲೆಕ್ಕಕ್ಕೇ ಸೇರಬೇಕು. ತನ್ನ ಭುಜ ಯಾಕೆ ನೋಯುತ್ತದೆ ಎಂದು ತಿಳಿಯದವಳು ಊರಿನವರ ಭುಜವನ್ನಾದರೂ ಉಳಿಸಲು ನೋಡುತ್ತಿದ್ದಳು. ತಿಳಿದ ನಾನು ಬೀಡಿ ಹಚ್ಚಿ ನಗುತ್ತಿದ್ದೆ.

ಹೌದು, ನೋವು. ಮೊದಲು ಬಲಭುಜ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು. ತಮಾಷೆ ಏನೆಂದರೆ ಆ ಎರಡು ವರ್ಷ ಅವಳಿಗೆ ಕೆಲಸ ಹರಿದುಬಂತು. ಚನ್ನಗಿರಿಯ ಒಬ್ಬ ಲೆಕ್ಚರರು ಇನ್ನಿಬ್ಬರನ್ನು ಕಳಿಸಿದರು, ಜಗಳೂರಿನ ಒಂದು ಶಾಲೆ ಐದು ಶಾಲೆಯಾಯಿತು. ನಾನು ಒಳಗೊಳಗೆ ಬೀಗುತ್ತಿದ್ದೆ. ಒಂದು ಉಳಿಸಿದ್ದು ಸುಮ್ಮನೆಯೇ? ಆಯ ಕೆಲಸ ಮಾಡುತ್ತಿದೆ! ಕೆಲಸ ಹೆಚ್ಚಾದಂತೆ ಅವಳು ಆ ಟೇಬಲ್ಲಿನ ಮುಂದೆ ಭುಜ ಎತ್ತಿಕೊಂಡು ಕೂರುವ ಹೊತ್ತೂ ಹೆಚ್ಚಾಯಿತು ಎನ್ನುವುದು ಈ ಬಡಗಿಯ ಮಂಡೆಗೆ ಹೊಳೆದರೂ ನಾಲಿಗೆಗೆ ಇಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ಲೋಟ ಹಿಡಿಯಲು ಆಗದಷ್ಟು ಕೈ ನೋಯತೊಡಗಿತು. ದಾವಣಗೆರೆಯ ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ತಾಳ್ಮೆಯ ಮನುಷ್ಯ. ಕೈ ಮಡಚಿ, ಚಾಚಿ, ಒತ್ತಿ ನೋಡಿ ಕೇಳಿದರು.

"ಎಷ್ಟು ಹೊತ್ತು ಟೈಪು ಮಾಡ್ತೀರಮ್ಮ? ಟೇಬಲ್ ಎತ್ತರ ಎಷ್ಟಿದೆ?"

ಅಕ್ಕನ ಮುಖ ಅರಳಿತು. ಎರಡು ವರ್ಷದಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದಳು.

"ಇಪ್ಪತ್ನಾಕು ಇಂಚು ಸಾರ್. ನನ್ನ ಅಳತೆಗೇ ಮಾಡಿಸಿದ್ದು. ಇವನೇ ಮಾಡಿದ್ದು, ನನ್ನ ತಮ್ಮ."

ಡಾಕ್ಟರು ನನ್ನ ಕಡೆ ನೋಡಿ ತಲೆಯಾಡಿಸಿದರು. "ಒಳ್ಳೇದು, ಅದು ಸರಿಯಾಗಿದೆ. ಹಾಗಾದ್ರೆ ಕೈಗೇ ಶಕ್ತಿ ಕಡಿಮೆಯಾಗಿದೆ ಅಂತ ಕಾಣ್ಸುತ್ತೆ. ಮೂರು ತಿಂಗಳು ಟೈಪಿಂಗ್ ಬಿಡಿ. ಆಗಲೂ ಕಡಿಮೆ ಆಗದಿದ್ರೆ ಈ ಕೆಲಸ ಬಿಡೋದೇ ಒಳ್ಳೇದು."

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಸಮಯ ಬೇಕಿತ್ತೇ? ನಾನು ಗೋಡೆಯ ಮೇಲಿದ್ದ ಮೂಳೆಗಳ ಚಿತ್ರ ನೋಡುತ್ತ ಕುಳಿತೆ. ಮನುಷ್ಯನ ಮೈಯಲ್ಲಿ ಎಷ್ಟೊಂದು ಮೂಳೆಗಳಿವೆ ಎಂದು ಆ ದಿನ ಗೊತ್ತಾಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿಕೊಂಡು ಕುಳಿತಿದ್ದಳು. ಡ್ರೈವರ್ ಹೇಗೆ ಕುಳಿತಿದ್ದಾನೆ ಎಂದು ಕೂಡ ನೋಡಲಿಲ್ಲ.

ವಾರದ ನಂತರ ಫೋನ್ ಮಾಡಿದಳು.

"ಟೆಂಪೋ ತಗಂಡು ಬಾ. ಟೇಬಲ್ಲು ಒಯ್ಯಿ. ಯಾರಾದ್ರೂ ಓದೋ ಮಕ್ಕಳಿಗೆ ಕೊಡು. ಕಂಪ್ಯೂಟರಿಗೂ ಒಬ್ರು ಬರ್ತೀನಿ ಅಂದಾರೆ. ಚನ್ನಗಿರಿ ಸಾರ್ ಪುಸ್ತಕ ಅರ್ಧ ಆಗಿತ್ತು, ವಾಪಸ್ ಕಳಿಸಿದೆ."

"ಆಮೇಲೆ ಊಟಕ್ಕೇನು ಮಾಡ್ತೀ?"

"ನೋಡಾಣ. ಟೇಬಲ್ಲು ಸರಿ ಐತೆ, ಕುರ್ಚಿ ಸರಿ ಐತೆ, ಬೆಳಕು ಸರಿ ಐತೆ. ನಾನೇ ಸರಿ ಇಲ್ಲ ಕಣೋ ತಮ್ಮಾ. ಯಾರಿಗೆ ಏನಂತ ಹೇಳಲಿ."

ಟೆಂಪೋ ತೆಗೆದುಕೊಂಡು ಹೋದೆ. ಗರಗಸವನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಯಾಕೆ ಹಾಕಿಕೊಂಡೆ ಎಂದು ಹಾದಿಯಲ್ಲಿ ನನಗೇ ಹೇಳಿಕೊಳ್ಳಲಿಲ್ಲ. ಮುಂದಿನ ಕೋಣೆಯಲ್ಲಿ ಡಬ್ಬಿಗಳು ಅಡುಗೆಮನೆಗೆ ಹೋಗಿದ್ದವು, ಪರದೆಗೆ ಹಳೆ ಸೀರೆ ಹೊದಿಸಿತ್ತು. ಅಕ್ಕ ಒದ್ದೆ ಬಟ್ಟೆಯಿಂದ ಟೇಬಲ್ಲನ್ನು ಒರೆಸುತ್ತಿದ್ದಳು, ಎಡಗೈಯಲ್ಲಿ.

"ಹಿಡಿ, ಆ ಕಡೆ" ಎಂದಳು.

"ಅಕ್ಕಾ, ಟೇಪು ತಗಂಡು ಬಾ."

"ಬಾಗಿಲಾಗೆ ಹಿಡಿಸ್ತೈತೆ. ಬರುವಾಗ ಹಿಡಿಸಿರಲಿಲ್ವಾ?"

"ಬಾಗಿಲಿಗಲ್ಲ. ಟೇಬಲ್ಲಿಗೆ."

ಅವಳು ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಟೇಪು ತಂದಳು. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಟೇಬಲ್ಲಿನ ಕಾಲಿಗೆ ಹಿಡಿದಳು. ಒಂದು ಸಲ ಓದಿದಳು. ಇನ್ನೊಂದು ಕಾಲಿಗೆ ಹಿಡಿದು ಮತ್ತೆ ಓದಿದಳು.

"ಇಪ್ಪತ್ತೇಳು" ಎಂದಳು.

"ಹೂಂ."

"ಮರ ಹಿಗ್ಗೈತಾ?"

"ಇಲ್ಲ. ನಾನು ಮಾಡಿದ್ದೇ ಅಷ್ಟು."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ನಮ್ಮಕ್ಕನ ಬೈಗುಳ ಕೇಳಿ ಬೆಳೆದವನು ನಾನು, ಅದಕ್ಕೆ ಬೆನ್ನು ಒಡ್ಡಿ ನಿಂತಿದ್ದೆ. ಅವಳು ನೆಲದ ಮೇಲೇ ಕುಳಿತಿದ್ದಳು. ಟೇಪನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು.

"ಡಾಕ್ಟ್ರು ಕೇಳಿದಾಗ ನೀನು ಪಕ್ಕದಾಗೇ ಇದ್ದಿಯಲ್ಲೋ."

ಆಯ ನೋಡಿದೆ ಎಂದೆ. ಲೆಕ್ಕ ಹೇಳಿದೆ. ಅವಳು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ ಮುಗಿಸಿದಳು.

"ಇಪ್ಪತ್ತೈದು ಮಾಡಿದ್ರೂ ಮೂರು ಉಳೀತಿತ್ತು. ಅದೂ ಒಳ್ಳೇದೇ ಅಂತಿದ್ದಿ. ಒಂದೇ ಇಂಚು ಹೆಚ್ಚಾಗಿದ್ರೆ ಹೆಂಗೋ ತಡಕೊಂತಿದ್ದೆ. ಮೂರು ಯಾಕೆ ಬೇಕಿತ್ತು ನಿನಗೆ?"

"ನಿನಗೆ ಒಂದೇ ಉಳೀಬೇಕಿತ್ತಕ್ಕಾ."

"ಯಾಕೆ?"

ಆಗ, ಯಾರಿಗೂ ಹೇಳದ ಮಾತು ಬಾಯಿಗೆ ಬಂತು. ಅಕ್ಕನ ಮದುವೆಯ ಮಂಚ ಮಾಡಿದವನು ನಾನು. ಆಗ ನನಗೆ ಹತ್ತೊಂಬತ್ತು, ಸ್ವಂತವಾಗಿ ಮಾಡಿದ ಮೊದಲ ಮಂಚ. ಮದುವೆ ಹತ್ತಿರ ಬಂದಿತ್ತು, ಗಡಿಬಿಡಿಯಲ್ಲಿ ಲೆಕ್ಕ ಮಾಡದೆ ಕೊಯ್ದುಬಿಟ್ಟೆ. ಹೂ ಕೆತ್ತಿದ ಮಂಚ, ಲಗೇಜು ಗಾಡಿಯಲ್ಲಿ ಜಗಳೂರಿಗೆ ಹೋಯಿತು. ಭಾವ ತೀರಿಕೊಂಡ ಮೇಲೆ ಅಕ್ಕನ ಸಾಮಾನು ತರಲು ಹೋದಾಗ ಅದನ್ನು ಅಳೆದೆ. ಎಪ್ಪತ್ನಾಲ್ಕು ಉದ್ದ, ಐವತ್ಮೂರು ಅಗಲ. ಅವರ ಹಿತ್ತಲಿನಲ್ಲಿ ನಿಂತು ಕಡ್ಡಿಯಿಂದ ಮಣ್ಣಿನಲ್ಲಿ ಲೆಕ್ಕ ಮಾಡಿದೆ. ಎರಡು ಉಳಿಯಿತು. ಎರಡು ಎಂದರೆ ಹೊಗೆಯ ಆಯ, ಮನೆಗೆ ಸಾವು ತರುವಂಥದ್ದು. 

"ಅವತ್ತಿನಿಂದ ಗೊತ್ತಿತ್ತು ನನಗೆ" ಎಂದೆ. "ನಿನ್ನ ಮುಖ ನೋಡಿದಾಗೆಲ್ಲ ಆ ಎರಡೇ ಕಾಣ್ತಿತ್ತು."

ಅಕ್ಕ ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದಳು.

"ಅವರಿಗೆ ಕಾಮಾಲೆ ಆಗಿತ್ತು ಕಣೋ" ಎಂದಳು. "ಔಷಧಿ ತಗಳ್ರಿ ಅಂದ್ರೆ ನಾಟಿ ಬೇರು ತಿಂತೀನಿ ಅಂದ್ರು. ಅದರಾಗೆ ಮಂಚ ಏನು ಮಾಡೀತು? ಆ ಮಂಚದ ಮ್ಯಾಲೆ ನಾಕು ವರ್ಷ ನಾನು ನಕ್ಕಷ್ಟು ಈ ಜನ್ಮದಾಗೆ ನಕ್ಕಿಲ್ಲ. ಅದನ್ನ ಅಳೆದಿಲ್ಲ ನೀನು."

ಎದುರುಮನೆಯ ಅಜ್ಜಿ ಕಟ್ಟೆಯ ಮೇಲಿಂದ ಇತ್ತ ನೋಡುತ್ತಿತ್ತು. ಅಕ್ಕ ಎದ್ದಳು. ಪರದೆಯ ಮೇಲಿನ ಸೀರೆ ತೆಗೆದು ಮಡಚಿದಳು. ನನ್ನ ಚೀಲದ ಕಡೆ ಗದ್ದ ತೋರಿಸಿ, "ಗರಗಸ ತಂದೀಯಲ್ಲ, ಕೊಯ್ಯಿ" ಎಂದಳು.

"ಎಷ್ಟಕ್ಕೆ?"

"ಚೀಟಿಯಾಗೆ ಬರೆದಿದ್ನಲ್ಲ."

"ಅಕ್ಕಾ, ಇಪ್ಪತ್ನಾಕಾದ್ರೆ ಏನೂ ಉಳಿಯಲ್ಲ. ಎಲ್ಲದಕ್ಕಿಂತ ಕೆಟ್ಟದ್ದು ಅದು. ಅದಕ್ಕೆ ಕಾಗೆ ಆಯ ಅಂತಾರೆ. ಇಪ್ಪತ್ತೈದಕ್ಕಾದ್ರೂ..."

"ಕಾಗೆನಾ?" ಎಂದಳು. "ಹಿರೇರ ಹಬ್ಬದಾಗೆ ನಿಮ್ ಭಾವನ ಹೆಸರಿಗೆ ಎಡೆ ಇಟ್ಟು, ಮಾಳಿಗೆ ಮ್ಯಾಲೆ ನಿಂತು, ಬಾ ಬಾ ಅಂತ ವರ್ಷಕ್ಕೊಂದು ಸಲ ನಾನೇ ಕರೀತೀನಿ. ತಾನಾಗೇ ಬಂದು ಕುಂತ್ರೆ ಬ್ಯಾಡ ಅಂತೀನೇನು? ಇಪ್ಪತ್ನಾಕಕ್ಕೇ ಕೊಯ್ಯಿ."

ಗರಗಸ ತೆಗೆದೆ. ಮತ್ತೆ ಕೆಳಗಿಟ್ಟೆ. ಎರಡು ವರ್ಷದಲ್ಲಿ ಮೈ ಬದಲಾಗಿರುತ್ತದೆ, ಹಳೆ ಚೀಟಿ ನಂಬಿ ಕೊಯ್ಯಬಾರದು. ಅವಳನ್ನು ದಿಂಬಿಲ್ಲದ ಕುರ್ಚಿಯ ಮೇಲೆ ಕೂರಿಸಿದೆ. ಪಾದ ಎರಡೂ ನೆಲಕ್ಕೆ ತಾಗಿದವು. ಮೂವತ್ತು ವರ್ಷಕ್ಕಿಂತ ಹೆಚ್ಚು ಮರ ಅಳೆದವನು, ಮನುಷ್ಯರೊಬ್ಬರ ಪಕ್ಕ ಮೊಣಕಾಲೂರಿ ಟೇಪು ಹಿಡಿದದ್ದು ಅದೇ ಮೊದಲು. ನೆಲದಿಂದ ಮೊಣಕೈವರೆಗೆ ಎಳೆದೆ. ಅವಳ ತೋಳು ಎಷ್ಟು ಸಣ್ಣಗಾಗಿದೆ ಎಂದು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಂಕಿ ಓದಲು ನೋಡಿದರೆ ನಿಲ್ಲುತ್ತಲೇ ಇಲ್ಲ, ಮೇಲೆ ಕೆಳಗೆ ಆಡುತ್ತದೆ.

"ಅಲ್ಲಾಡಬ್ಯಾಡ ಅಕ್ಕಾ" ಎಂದೆ.

"ನಾನು ಎಲ್ಲಿ ಅಲ್ಲಾಡ್ತೀನಿ?" ಎಂದಳು ಅಕ್ಕ. "ಅಲ್ಲಾಡ್ತಿರೋದು ನಿನ್ ಕೈ." ತನ್ನ ನೋಯುವ ಕೈಯನ್ನೇ ಇಳಿಸಿ ನನ್ನ ಕೈಯನ್ನು ಟೇಪಿನ ಸಮೇತ ಗಟ್ಟಿಯಾಗಿ ಹಿಡಿದುಕೊಂಡಳು.